ಟರ್ಬೊ ಪೆಟ್ರೋಲ್ ಕಾರಿಗೆ ಬ್ಲೋ-ಆಫ್ ವಾಲ್ವ್: ಬಿಟ್ಟ ಗಾಳಿ ಎಲ್ಲಿಗೆ ಹೋಗಬೇಕು?

ಶಿರಸಿ–ಕುಮಟಾ ನಡುವೆ ಓಡಾಡುವ ನಿಮ್ಮ ಟರ್ಬೊ ಪೆಟ್ರೋಲ್ ಕಾರಿಗೆ ಬ್ಲೋ-ಆಫ್ ವಾಲ್ವ್ ಹಾಕಿಸಿದರೆ ಶಕ್ತಿ ಹೆಚ್ಚುತ್ತದೆಯೇ, ಅದನ್ನು ಕೂರಿಸುವುದು ಹೇಗೆ ಎಂದು ಕೇಳಿದ್ದೀರಿ. ಶಕ್ತಿ ಹೆಚ್ಚುವುದಿಲ್ಲ. ಅದರ ಕೆಲಸವೇ ಬೇರೆ.

ದೇವಿಮನೆ ಘಟ್ಟವನ್ನು ಹತ್ತುವಾಗ ಪ್ರತಿ ತಿರುವಿನಲ್ಲೂ ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತೀರಿ. ಆಗ ಥ್ರಾಟಲ್ (ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲು) ಮುಚ್ಚಿಕೊಳ್ಳುತ್ತದೆ, ಆದರೆ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಟರ್ಬೊ ಇನ್ನೂ ವೇಗವಾಗಿ ತಿರುಗುತ್ತಲೇ ಇರುತ್ತದೆ. ಮುಂದೆ ಹೋಗಲು ದಾರಿಯಿಲ್ಲದ ಒತ್ತಡದ ಗಾಳಿ ಹಿಂದಕ್ಕೆ ನುಗ್ಗಿ ಟರ್ಬೊದ ಕಂಪ್ರೆಸರ್ ಚಕ್ರವನ್ನು ತಡೆಯುತ್ತದೆ, ಬೇರಿಂಗ್ ಮೇಲೆ ಭಾರ ಹೇರುತ್ತದೆ. ಆ ಗಾಳಿಗೆ ದಾರಿ ಮಾಡಿಕೊಡುವುದಷ್ಟೇ ಈ ವಾಲ್ವ್‌ನ ಕೆಲಸ. ಕಂಪನಿಯಿಂದ ಬರುವ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇಂಥದ್ದೊಂದು ವಾಲ್ವ್ ಮೊದಲೇ ಇದ್ದು, ಅದು ಗಾಳಿಯನ್ನು ಟರ್ಬೊದ ಒಳದಾರಿಗೇ ಮರಳಿಸುತ್ತದೆ. ಆದ್ದರಿಂದ ಅದು ಸರಿಯಾಗಿದೆಯೇ ಎಂದು ಮೊದಲು ನೋಡಿಸಿ. ಅದರ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದಿದ್ದರೆ ಅದನ್ನು ಬದಲಿಸುವುದೇ ನಿಜವಾದ ರಿಪೇರಿ.

ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಬೇಕೇ ಬೇಕು ಎಂದಾದರೆ, ನಿಮ್ಮ ಎಂಜಿನ್ ಗಾಳಿಯನ್ನು ಹೇಗೆ ಅಳೆಯುತ್ತದೆ ಎಂಬುದು ನಿರ್ಣಾಯಕ. ಏರ್ ಫಿಲ್ಟರ್‌ನ ನಂತರ ಮಾಸ್ ಏರ್ ಫ್ಲೋ ಸೆನ್ಸರ್ (ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್) ಇರುವ ಗಾಡಿಯಲ್ಲಿ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಒಳಬಂದ ಗಾಳಿಯನ್ನು ಆಗಲೇ ಲೆಕ್ಕ ಹಾಕಿ ಅದಕ್ಕೆ ತಕ್ಕ ಪೆಟ್ರೋಲ್ ಬಿಟ್ಟಿರುತ್ತದೆ. ಆ ಗಾಳಿಯನ್ನು ಹೊರಗೆಸೆದರೆ ಪೆಟ್ರೋಲ್ ಹೆಚ್ಚಾಗುತ್ತದೆ, ಗಾಡಿ ಜಗ್ಗುತ್ತದೆ, ನಿಲ್ಲಿಸುವಾಗ ಎಂಜಿನ್ ಆರಿಹೋಗಲೂಬಹುದು, ಉರಿಯದ ಇಂಧನ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹಾನಿ ಮಾಡುತ್ತದೆ. ಮ್ಯಾನಿಫೋಲ್ಡ್ (ಥ್ರಾಟಲ್‌ನ ನಂತರ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡವನ್ನು ಅಳೆಯುವ ಎಂಜಿನ್‌ಗೆ ಈ ತೊಂದರೆ ಬಹಳ ಕಡಿಮೆ. ಇದನ್ನು ತಿಳಿಯದೆ ಬರೀ ಶಬ್ದಕ್ಕಾಗಿ ಹಾಕಿಸಬೇಡಿ ಎಂಬುದೇ ನನ್ನ ಕಳಕಳಿಯ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿನ್ಯಾಸ ಬದಲಿಸುವುದಕ್ಕೆ ಮಿತಿ ಹಾಕುತ್ತದೆ ಎಂಬುದೂ ನೆನಪಿರಲಿ. ಡೀಸೆಲ್ ಎಂಜಿನ್ ತನ್ನ ಶಕ್ತಿಯನ್ನು ಇಂಧನದಿಂದ ನಿಯಂತ್ರಿಸುವುದರಿಂದ ಅದಕ್ಕೆ ಸಾಮಾನ್ಯವಾಗಿ ಇದರ ಅಗತ್ಯವೇ ಇಲ್ಲ.

ಕೂರಿಸುವಾಗ ಎಂಜಿನ್ ತಣ್ಣಗಿರಬೇಕು. ವಾಲ್ವ್ ಟರ್ಬೊ ಮತ್ತು ಥ್ರಾಟಲ್ ನಡುವಿನ ಪೈಪಿನಲ್ಲಿ, ಸಾಧ್ಯವಾದಷ್ಟು ಥ್ರಾಟಲ್‌ಗೆ ಹತ್ತಿರ ಇರಲಿ. ಅದರ ವ್ಯಾಕ್ಯೂಮ್ ಪೈಪನ್ನು (ಮ್ಯಾನಿಫೋಲ್ಡ್‌ನ ಒತ್ತಡವನ್ನು ವಾಲ್ವ್‌ಗೆ ತಲುಪಿಸುವ ಸಣ್ಣ ಕೊಳವೆ) ಥ್ರಾಟಲ್‌ನ ನಂತರ ಮ್ಯಾನಿಫೋಲ್ಡ್‌ನಿಂದ ನೇರವಾಗಿ, ಬ್ರೇಕ್ ಬೂಸ್ಟರ್‌ನ ಪೈಪಿಗೆ ಜೋಡಿಸದೆ, ಪ್ರತ್ಯೇಕವಾಗಿ ತೆಗೆದುಕೊಳ್ಳಿ. ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಹೆಚ್ಚಿದ್ದರೆ ವಾಲ್ವ್‌ಗೆ ಗಟ್ಟಿ ಸ್ಪ್ರಿಂಗ್ ಬೇಕು ಎಂದು ಹಲವರು ಹೇಳುತ್ತಾರೆ, ಅದು ಸರಿಯಲ್ಲ. ಬೂಸ್ಟ್ ಇರುವಾಗ ವಾಲ್ವ್‌ನ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ಒತ್ತಡವಿರುತ್ತದೆ. ಐಡಲ್‌ನಲ್ಲಿ (ಕಾಲು ತೆಗೆದು ಎಂಜಿನ್ ನಿಧಾನವಾಗಿ ಓಡುವಾಗ) ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್‌ನ ಎಳೆತಕ್ಕೆ ವಾಲ್ವ್ ತೆರೆಯದಂತೆ ಸ್ಪ್ರಿಂಗ್ ಹಿಡಿದಿಟ್ಟರೆ ಸಾಕು. ಸ್ಪ್ರಿಂಗ್ ಮೆದುವಾದರೆ ಫಿಲ್ಟರ್ ಆಗದ ಗಾಳಿ, ನಮ್ಮ ಮಳೆಗಾಲದಲ್ಲಿ ನೀರಿನ ಹನಿಯೂ ಒಳಸೇರಬಹುದು. ಅತಿ ಗಟ್ಟಿಯಾದರೆ ವಾಲ್ವ್ ತಡವಾಗಿ ತೆರೆಯುತ್ತದೆ.

ಕರಾವಳಿಯ ಉಪ್ಪುಗಾಳಿಗೆ ಸಾದಾ ಕ್ಲಾಂಪ್‌ಗಳು ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಕೊನೆಗೆ ಎಂಜಿನ್ ಆರಿಸಿ, ಟರ್ಬೊದ ಬಾಯಿ ಮುಚ್ಚಿ, ಗ್ಯಾರೇಜಿನ ಗಾಳಿ ತುಂಬುವ ಕಂಪ್ರೆಸರ್‌ನಿಂದ ಮಿತವಾದ ಒತ್ತಡ ಕೊಟ್ಟು, ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ನೋಡಿ. ಐಡಲ್‌ನಲ್ಲಿ ಈ ಪೈಪುಗಳಲ್ಲಿ ಬೂಸ್ಟ್ ಇರುವುದಿಲ್ಲವಾದ್ದರಿಂದ ಎಂಜಿನ್ ಚಾಲೂ ಇಟ್ಟು ಮಾಡುವ ತಪಾಸಣೆಯಲ್ಲಿ ಸೋರಿಕೆ ಕಾಣುವುದಿಲ್ಲ.