ಬೇರಿನೊಳಗಿನ ಗುಲಾಬಿ ಕಡ್ಡಿ

ಪ್ರಶ್ನೆ: ಕಾರ್ಕಳದ ಬಳಿ ನಮ್ಮದೊಂದು ಸಣ್ಣ ರಬ್ಬರ್ ತೋಟವಿದೆ. ಕಳೆದ ತಿಂಗಳು ಉಡುಪಿಯಲ್ಲಿ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡೆ. ಬೇರಿಗೆ ತುಂಬಿದ ಗುಲಾಬಿ ಕಡ್ಡಿಯೂ ಒಂದು ಬಗೆಯ ರಬ್ಬರೇ ಎಂದರು ಡಾಕ್ಟರು. ದೇಹಕ್ಕೆ ಒಗ್ಗುವ ಹೊಸ ಪಾಲಿಮರ್‌ಗಳಿರುವಾಗ ಈ ಹಳೆಯದನ್ನೇ ಏಕೆ ಬಳಸುತ್ತಾರೆ?
ಓದುಗರು, ಕಾರ್ಕಳ

ಉತ್ತರ: ಡಾಕ್ಟರು ಹೇಳಿದ್ದು ನಿಜ. ಮಲೇಷ್ಯಾ ಕಡೆಯ ಮರವೊಂದರ ಹಾಲಿನಿಂದ ಬರುವ ಗಟ್ಟಾ ಪರ್ಚಾ ನಿಮ್ಮ ತೋಟದ ರಬ್ಬರಿನ ಒಡಹುಟ್ಟು. ಎರಡೂ ಪಾಲಿಐಸೊಪ್ರೀನೇ (ಐಸೊಪ್ರೀನ್ ಎಂಬ ಸಣ್ಣ ಅಣುಗಳು ಕೊಂಡಿ ಹಾಕಿಕೊಂಡ ಉದ್ದ ಸರಪಳಿ, ಅಂದರೆ ಪಾಲಿಮರ್) ಆದರೂ ಅಣುಸರಪಳಿಯ ತಿರುವು ಬೇರೆಯಾದ್ದರಿಂದ, ರಬ್ಬರ್ ಎಳೆದಷ್ಟು ಹಿಗ್ಗುತ್ತದೆ, ಗಟ್ಟಾ ಪರ್ಚಾ ಗಟ್ಟಿಯಾಗಿದ್ದು ಬಿಸಿ ತಾಗಿದಾಗ ಮೆತ್ತಗಾಗುತ್ತದೆ. 1867ರಲ್ಲೇ ಇದನ್ನು ಬೇರುನಾಳಕ್ಕೆ ತುಂಬಿದ್ದರು. ನಿಮಗೆ ಅಚ್ಚರಿಯಾಗಬಹುದು, ಆ ಕಡ್ಡಿಯಲ್ಲಿ ಗಟ್ಟಾ ಪರ್ಚಾ ಇರುವುದು ಸುಮಾರು ಐದರಲ್ಲೊಂದು ಪಾಲು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಸತುವಿನ ಆಕ್ಸೈಡ್, ಜೊತೆಗೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಲೆಂದು ಬೇರಿಯಂ ಲವಣ.

ಇದರ ದೊಡ್ಡ ಕೊರತೆಯೆಂದರೆ ಹಲ್ಲಿನ ಗೋಡೆಗೆ ತಾನಾಗಿ ಅಂಟದಿರುವುದು. ಅದಕ್ಕಾಗಿಯೇ ಸುತ್ತಲೂ ಸೀಲರ್ ಎಂಬ ಅಂಟು ಬೇಕು. ಈ ಕೊರತೆ ನೀಗಿಸಲು 2004ರ ಸುಮಾರಿಗೆ ರೆಸಿಲಾನ್ ಎಂಬ ಪದಾರ್ಥ ಬಂದಿತು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರ್‌ನಿಂದ ಮಾಡಿದ ಕಡ್ಡಿ, ರೆಸಿನ್ (ಕೃತಕ ರಾಳ) ಸೀಲರ್ ಮತ್ತು ಹಲ್ಲು ಮೂರೂ ಬೆಸೆದು ಒಂದೇ ತುಂಡಾಗುತ್ತವೆ ಎಂಬುದು ಅದರ ಹಿಂದಿದ್ದ ಆಸೆ. ಆದರೆ ಆಳವಾದ, ಇಕ್ಕಟ್ಟಾದ ನಾಳದಲ್ಲಿ ರೆಸಿನ್ ಗಟ್ಟಿಯಾಗುತ್ತಾ ಕುಗ್ಗಿ ಗೋಡೆಯಿಂದ ಬಿಡುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಪಾಲಿಕ್ಯಾಪ್ರೊಲ್ಯಾಕ್ಟೋನ್ ಒಂದು ಪಾಲಿಎಸ್ಟರ್, ಅದರ ಎಸ್ಟರ್ ಕೊಂಡಿಗಳನ್ನು ಬ್ಯಾಕ್ಟೀರಿಯಾದ ಕಿಣ್ವಗಳು ಕಡಿಯಬಲ್ಲವು. ಹೊಲಿಗೆಯ ದಾರ ದೇಹದೊಳಗೆ ಕರಗಿದರೆ ಒಳ್ಳೆಯದೇ, ಬೇರಿನ ತುಂಬುವಿಕೆ ಕರಗಿದರೆ ಸೋಂಕಿಗೆ ದಾರಿ ಬಿಟ್ಟಂತೆ. ರೆಸಿಲಾನ್ ಮಾರುಕಟ್ಟೆಯಿಂದ ಮರೆಯಾಯಿತು.

ಹಾಗಾಗಿ ಪ್ರಯೋಗಾಲಯದಲ್ಲಿ ಜೀವಕೋಶಗಳು ಸಾಯಲಿಲ್ಲವೆಂದ ಮಾತ್ರಕ್ಕೆ ಹೊಸ ಪಾಲಿಮರ್ ಗೆದ್ದಂತಲ್ಲ. ಅದು ತೇವದಲ್ಲಿ ವರ್ಷಗಟ್ಟಲೆ ಕೆಡದೆ ಇರಬೇಕು, ಮುಂದೊಂದು ದಿನ ಹಲ್ಲು ಮತ್ತೆ ಕಾಡಿದರೆ ಹೊರತೆಗೆಯಲೂ ಬರಬೇಕು. ಈ ಕೊನೆಯ ಗುಣವನ್ನು ಸಂಶೋಧಕರು ಒಮ್ಮೊಮ್ಮೆ ಮರೆಯುತ್ತಾರೆ ಎಂಬುದು ನನ್ನ ದೂರು. ಗಟ್ಟಾ ಪರ್ಚಾವನ್ನಾದರೆ ಶಾಖದಿಂದಲೋ ದ್ರಾವಕದಿಂದಲೋ ಮೆತ್ತಗೆ ಮಾಡಿ ತೆಗೆಯಬಹುದು. ನೈಲಾನ್ ತಿರುಳಿನ ಮೇಲೆ ನೀರು ಹೀರಿ ಉಬ್ಬುವ ಪಾಲಿಮರ್ ಹೊದಿಕೆಯಿರುವ ಕಡ್ಡಿಗಳೂ ಬಂದಿವೆ. ಆದರೆ ಈಗ ಹೆಚ್ಚಿನ ಬದಲಾವಣೆ ಆಗಿರುವುದು ಕಡ್ಡಿಯಲ್ಲಲ್ಲ, ಸೀಲರಿನಲ್ಲಿ: ಬಯೋಸೆರಾಮಿಕ್ ಎನ್ನುವ ಕ್ಯಾಲ್ಸಿಯಂ ಸಿಲಿಕೇಟ್ ಸೀಲರುಗಳು ಹಲ್ಲಿನ ತೇವದಿಂದಲೇ ಗಟ್ಟಿಯಾಗುತ್ತವೆ. ನಿಮ್ಮ ಹಲ್ಲಿಗೆ ಯಾವ ಸೀಲರ್ ಹಾಕಿದ್ದಾರೆಂದು ಡಾಕ್ಟರನ್ನು ಕೇಳಿನೋಡಿ.

ಹಲ್ಲಿನ ಮೇಲೆ ಕ್ಯಾಪ್ ಹಾಕಿಸಿದ ವಿಷಯವನ್ನು ನೀವು ಬರೆದಿಲ್ಲ. ತಾತ್ಕಾಲಿಕ ಸಿಮೆಂಟಿನಲ್ಲೇ ದಿನ ತಳ್ಳುತ್ತಿದ್ದರೆ ಎಂಜಲು ಮೇಲಿನಿಂದಲೇ ಸೋರಿ ಒಳಗೆ ಇಳಿಯುತ್ತದೆ, ಆಗ ಯಾವ ಪಾಲಿಮರೂ ಉಪಯೋಗಕ್ಕೆ ಬಾರದು. ತಡಮಾಡದೆ ಹಾಕಿಸಿಕೊಳ್ಳಿ.