ಮಂಗ ಸತ್ರೆ ಪುಣೆಯವರಿಗೇನು?

ಪ್ರಶ್ನೆ: ಸಾರ್, ನಮ್ಮದು ತೀರ್ಥಹಳ್ಳಿ ಕಡೆ. ಬೇಸಿಗೆ ಬಂತಂದ್ರೆ ಮಂಗನ ಕಾಯಿಲೆ ಭಯ. ಇದರ ಸುದ್ದಿ ಬಂದಾಗೆಲ್ಲ ಪುಣೆಯ ವೈರಾಲಜಿ ಸಂಸ್ಥೆ ಹೆಸರು ಬರುತ್ತೆ, ಅವರಿಗೂ ನಮಗೂ ಏನು ಸಂಬಂಧ? ಇಷ್ಟು ವರ್ಷ ಸಂಶೋಧನೆ ಮಾಡಿ ಇದ್ದ ಲಸಿಕೆನೂ ನಿಲ್ಲಿಸಿದ್ರಲ್ಲ, ಯಾಕೆ?

ಉತ್ತರ: ಸಂಬಂಧ ಹಳೇದು. 1952ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಶುರು ಮಾಡಿದಾಗ ಆ ಪುಣೆ ಸಂಸ್ಥೆ ಹೆಸರು ವೈರಸ್ ರಿಸರ್ಚ್ ಸೆಂಟರ್. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯ್ತಾ ಇದ್ವು, ಸುತ್ತಲಿನ ಹಳ್ಳಿ ಜನಕ್ಕೂ ಜ್ವರ, ಆಗ ಪುಣೆಯಿಂದ್ಲೇ ಟೀಮ್ ಬಂತು. ಯೆಲ್ಲೋ ಫೀವರ್ ಅನ್ನೋ ಸೊಳ್ಳೆಯಿಂದ ಬರೋ ರೋಗ ಏಷ್ಯಾಕ್ಕೂ ಕಾಲಿಡ್ತಾ ಅನ್ನೋದೇ ಮೊದಲ ಗಾಬರಿ, ಯಾಕಂದ್ರೆ ದಕ್ಷಿಣ ಅಮೆರಿಕದ ಕಾಡಲ್ಲಿ ಆ ರೋಗಕ್ಕೂ ಹಿಂಗೇ ಮಂಗಗಳು ಸಾಯ್ತವೆ. ಸ್ಯಾಂಪಲ್ ತಗೊಂಡು ಇಲಿಮರಿಗಳಿಗೆ ಚುಚ್ಚಿ ನೋಡಿದ್ರೆ ಸಿಕ್ಕಿದ್ದೇ ಬೇರೆ, ರಷ್ಯಾ ಕಡೆ ಉಣುಗಿನಿಂದ ಬರೋ ಮೆದುಳುಜ್ವರದ ವೈರಸ್‌ಗೆ ಹತ್ತಿರದ ನೆಂಟ!

ಇದೂ ಉಣುಗು ಕಚ್ಚೇ ಹರಡೋದು, ಹಂಗಾಗಿ ಉಣುಗು ಹಿಡಿಯೋ ಕೆಲಸ. ಬಿಳಿ ಫ್ಲಾನೆಲ್ ಬಟ್ಟೆನ ತರಗೆಲೆ ಮೇಲೆ ಎಳ್ಕೊಂಡು ಹೋಗ್ತಾರೆ, ಉಣುಗು ಅದಕ್ಕೆ ಹತ್ಕೊಳ್ತವೆ, ಒಂದೊಂದೇ ಆರಿಸಿ, ಯಾವ ಜಾತಿ ಅಂತ ನೋಡಿ, ಅರೆದು ವೈರಸ್ ಹುಡುಕೋದು. ಲ್ಯಾಬ್ ಅಂದ್ರೆ ಬರೀ ಮೈಕ್ರೋಸ್ಕೋಪ್ ಅನ್ಕೊಂಡೋರು ಇದನ್ನ ಒಂದ್ಸಲ ನೋಡ್ಬೇಕು. ಜನಕ್ಕೆ ಕಾಟ ಕೊಡೋದು ಜಾಸ್ತಿ ಮರಿ ಉಣುಗೇ, ಕಣ್ಣಿಗೇ ಬೀಳಲ್ಲ, ಅವು ಏಳೋ ಟೈಮ್ ಬೇಸಿಗೆ, ನಮ್ಮೋರು ಸೌದೆ ತರಗೆಲೆ ಅಂತ ಕಾಡಿಗೆ ಹೋಗೋದೂ ಆಗ್ಲೇ.

ಇನ್ನು ಲಸಿಕೆ. 1990ರಿಂದ ಕೊಡ್ತಿದ್ದದ್ದು ಫಾರ್ಮಾಲಿನ್ ಹಾಕಿ ಸಾಯಿಸಿದ ವೈರಸ್ಸಿಂದ ಮಾಡಿದ್ದು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್, ಚುಚ್ಚಿದ್ ಕಡೆ ಉರಿ ಬೇರೆ, ಕೂಲಿ ಬಿಟ್ಟು ಯಾರು ಅಷ್ಟು ಸಲ ಬರ್ತಾರೆ? ಹಾಕಿಸ್ಕೊಂಡೋರಿಗೂ ರೋಗ ಬಂತು. ಪರಿಣಾಮ ಸಾಲದು ಅಂತ 2022ರಲ್ಲಿ ನಿಲ್ಲಿಸಿದ್ರು. ಹೊಸದಕ್ಕೆ ಐಸಿಎಂಆರ್ ಕೈ ಹಾಕಿದೆ. ಇದೇ ಪುಣೆ ಸಂಸ್ಥೆ 2020ರಲ್ಲಿ ಕೊರೊನಾ ವೈರಸ್ ಬೇರ್ಪಡಿಸಿ ಕೊಟ್ಟಿದ್ದಕ್ಕೆ ಕೋವ್ಯಾಕ್ಸಿನ್ ವರ್ಷದೊಳಗೆ ರೆಡಿ, ಕಾಡಂಚಿನ ಕೂಲಿಯೋರ ಜ್ವರಕ್ಕೆ ಆ ಅರ್ಜೆಂಟ್ ಯಾರಿಗೂ ಇರ್ಲಿಲ್ಲ ಅನ್ನೋದು ನನ್ನ ಸಿಟ್ಟು.

ಸತ್ತ ಮಂಗ ಕಂಡ್ರೆ ಹತ್ತಿರ ಹೋಗ್ಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಕಾಡಿಗೆ ಹೋಗುವಾಗ ಉಣುಗು ದೂರ ಇಡೋ ಡೆಪಾ ಎಣ್ಣೆ ಹಚ್ಕೊಳ್ಳಿ, ಬಂದ್ಮೇಲೆ ಬಿಸಿನೀರಲ್ಲಿ ಸ್ನಾನ. ಜ್ವರ ಬಂದ್ರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಶುರುವಿನ ದಿನಗಳಲ್ಲೇ ರಕ್ತ ಕೊಟ್ರೆ ಆರ್‌ಟಿ-ಪಿಸಿಆರ್‌ನಲ್ಲಿ ಗೊತ್ತಾಗುತ್ತೆ.