ಯಾರೂ ಮುಟ್ಟದಿದ್ದರೂ ಕಾರಿನ ಅಲಾರಂ ರಾತ್ರಿ ಕೂಗಿಕೊಳ್ಳುವುದೇಕೆ?

ಮಲ್ಪೆಯಂಥ ಕಡಲ ಬದಿಯ ಊರಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಮೊದಲು ಅನುಮಾನಿಸಬೇಕಾದದ್ದು ಬಾನೆಟ್ಟಿನ ಅಡಿಯಲ್ಲಿರುವ ಪುಟ್ಟ ಸ್ವಿಚ್ಚನ್ನು. ಬಾನೆಟ್ ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ಅಲಾರಂ ತಿಳಿಯುವುದು ಈ ಸ್ವಿಚ್ಚಿನಿಂದಲೇ. ಉಪ್ಪುಗಾಳಿ ಮತ್ತು ತೇವದಿಂದ ಅದರೊಳಗಿನ ಲೋಹದ ತುದಿಗಳಿಗೆ ಹಸಿರು ಕಿಲುಬು ಹಿಡಿದು ಸಂಪರ್ಕ ಕ್ಷಣಕಾಲ ಏರುಪೇರಾದರೂ, ಯಾರೋ ಬಾನೆಟ್ ಎತ್ತಿದರೆಂದೇ ಅಲಾರಂ ಭಾವಿಸಿ ಸೈರನ್ ಮೊಳಗಿಸುತ್ತದೆ. ಆದ್ದರಿಂದ ಸೈರನ್ನನ್ನೇ ಬದಲಿಸಲು ಹೊರಡುವುದು ದುಡ್ಡು ದಂಡ. ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಸಂಪರ್ಕದ ತುದಿಗಳನ್ನು ಶುಚಿಗೊಳಿಸುವ ಸ್ಪ್ರೇ) ಸಿಂಪಡಿಸಿ ಒರೆಸಿ, ಬೆರಳಿನಿಂದ ಒತ್ತಿ ಬಿಟ್ಟಾಗ ಸ್ವಿಚ್ ಸಲೀಸಾಗಿ ಮೇಲೆ ಚಿಮ್ಮುತ್ತದೆಯೇ ನೋಡಿ. ಆಮೇಲೂ ಕೂಗು ನಿಲ್ಲದಿದ್ದರೆ ಬ್ಯಾಟರಿಯನ್ನು ಪರೀಕ್ಷಿಸಿ: ಎಂಜಿನ್ ಆರಿಸಿದ ಕೆಲವು ಗಂಟೆಗಳ ನಂತರ 12.6 ವೋಲ್ಟ್ ಆಸುಪಾಸಿನಲ್ಲಿರಬೇಕಾದದ್ದು 12ಕ್ಕಿಂತ ಕೆಳಗಿಳಿದಿದ್ದರೆ, ಕೆಲವು ಅಲಾರಂಗಳು ಆ ಕುಸಿತವನ್ನೂ ಕಳ್ಳನ ಕೈವಾಡವೆಂದೇ ಎಣಿಸುತ್ತವೆ.